ಪೆಟ್ರೋಲ್ ಗಾಡಿಗೆ ಅಮಾವಾಸ್ಯೆಯ ಪೂಜೆ

ಕಾರು ಕೊಳ್ಳುವ ಮಾತು ಎದ್ದಾಗ ಮನೆಯವರೆಲ್ಲ ಖುಷಿಯಾಗಿದ್ದರು. ನಾನೊಬ್ಬಳು ಮಾತ್ರ ಹಿಗ್ಗಲಿಲ್ಲ. ತೇರದಾಳದ ಹೊರಗೆ, ಕಬ್ಬು ಅರಿಸಿನದ ನಡುವೆ ನಮ್ಮ ತೋಟದ ಮನೆ. ನಾನು ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಪ್ರಾಕ್ಟಿಕಲ್ ಮುಗಿಸಿ, ಬಸ್ಸು ಹಿಡಿದು, ಬನಹಟ್ಟಿ ರಬಕವಿ ದಾಟಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಆಮೇಲೆ ಕಬ್ಬಿನ ನಡುವಿನ ದಾರಿಯಲ್ಲಿ ಒಬ್ಬಳೇ ನಡೆಯಬೇಕು. ಅಪ್ಪನಿಗೆ ಅದು ಹಿಡಿಸಲಿಲ್ಲ. "ಒಂದ ಹಳೇ ಕಾರ ತಗೊಳ್ಳೂಣು. ಗಾಡಿ ಇದ್ರ ಕಾಲೇಜು, ಇಲ್ಲಂದ್ರ ಮನಿ" ಎಂದುಬಿಟ್ಟ. ಅಪ್ಪ ಒಂದು ಮಾತು ಆಡಿದರೆ ಅದನ್ನು ಕದಲಿಸುವವರು ಯಾರೂ ಇರಲಿಲ್ಲ. ಹಾಗಾಗಿ ನನ್ನ ಓದು ಆ ಗಾಡಿಗೆ ಜೋತುಬಿತ್ತು.

ಪೆಟ್ರೋಲೋ ಡೀಸೆಲ್ಲೋ ಎಂಬ ಪ್ರಶ್ನೆ ಬಂದಾಗ ಕಾಕಾ ಯಾರ ಉತ್ತರಕ್ಕೂ ಕಾಯಲಿಲ್ಲ. ಕಾಕಾ ಅಂದರೆ ಅಪ್ಪನ ತಮ್ಮ, ತೋಟದ ಕಾರಭಾರವೆಲ್ಲ ಅವನದೇ. "ಡೀಸೆಲ್ ಗಾಡಿನ ಆಗಬೇಕು. ಮನ್ಯಾಗ ಬ್ಯಾರೆಲ್ ನಿಂತೈತಿ. ಟ್ರ್ಯಾಕ್ಟರ್ ಕುಡೀತೈತಿ, ನೀರಿನ ಇಂಜಿನ್ ಕುಡೀತೈತಿ, ಇದೂ ಕುಡೀಲಿ. ಸೋವಿನೂ ಐತಿ" ಎಂದ. ಎಲ್ಲರೂ ಹೌದೆಂದರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದೇ ಅಲ್ಲಿ.

ನಮ್ಮ ಮನೆಯಲ್ಲಿ ಆ ಬ್ಯಾರೆಲ್ಲಿನಿಂದ ಕುಡಿಯುವ ಯಾವುದೂ ಒಬ್ಬರದಲ್ಲ. ಯಾರು ಬೇಕಾದರೂ ಡೀಸೆಲ್ ಸುರಿದುಕೊಂಡು ಹೊರಡಬಹುದು. ಕಾರೂ ಹಾಗೇ ಆದರೆ? ಸುಟ್ಟ ಮೋಟರು ಹೊತ್ತು ಮುಧೋಳಕ್ಕೆ ಹೋಗುತ್ತದೆ, ಗೊಬ್ಬರದ ಚೀಲ ತರುತ್ತದೆ, ಬೀಳಗಿಯ ಅತ್ತೆಯನ್ನು ಕರೆತರಲು ಓಡುತ್ತದೆ. ನಾನು ಮತ್ತೆ ಬಸ್ಸಿಗೆ, ಬಸ್ಸಿನಿಂದ ಮನೆಗೆ, ಮನೆಯಿಂದ ಯಾವನದೋ ಅಡುಗೆಮನೆಗೆ. ಅಪ್ಪನ ಮೋಟಾರ್ ಸೈಕಲ್ಲನ್ನು ನೋಡಿ. ಅದಕ್ಕೆ ಅವನೇ ಊರಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದ, ಬೇರೆಯವರು ಅದರ ತಂಟೆಗೇ ಹೋಗುತ್ತಿರಲಿಲ್ಲ. ನನಗೂ ಅಂಥದೊಂದು ಬೇಕಿತ್ತು. ಆದರೆ ಕೂಡಿದ ಮನೆಯಲ್ಲಿ "ಇದು ನನ್ನೊಬ್ಬಳದೇ ಇರಲಿ" ಎಂದು ಬಾಯಿಬಿಟ್ಟು ಹೇಳುವುದುಂಟೇ? ಡೀಸೆಲ್ ವಾಸನೆಗೆ ವಾಂತಿ ಬರುತ್ತದೆ ಎಂದೆ.

ಕಾಕಾ ಬಿದ್ದು ಬಿದ್ದು ನಕ್ಕ. "ಟ್ರ್ಯಾಕ್ಟರ್ ಮ್ಯಾಲ ಬೆಳದಾಕಿ, ಈಗ ವಾಂತಿ ಬರತೈತೇನ ನಿನಗ?"

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಎರಡು ದಿನ ಊಟ ಸೇರಲಿಲ್ಲ. ಅಪ್ಪ ನನ್ನ ಮುಖ ನೋಡಿದನೋ ಏನೋ, "ಓಡಸಾಕಿ ಆಕಿ. ಆಕಿ ಹೇಳಿದ್ದ ಆಗಲಿ" ಎಂದ. ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರಿಂದ ಪುಟ್ಟ ಬಿಳಿ ಪೆಟ್ರೋಲ್ ಕಾರು ಮನೆಗೆ ಬಂತು. ಕಾಕಾ ಮುನಿಸಿನಲ್ಲೇ ಅದರ ಮೂತಿಗೆ ಬೀರಪ್ಪ ದೇವರ ಅರಿಸಿನದ ಭಂಡಾರ ಹಚ್ಚಿದ. ಒಳಗೆ ಮಾತ್ರ ಕೂರಲಿಲ್ಲ.

ಬಯಸಿದ್ದು ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ನಾನು ಹುಟ್ಟಾ ಅಂಜುಬುರುಕಿ. ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟುವ ಧೈರ್ಯವಿಲ್ಲದೆ ಅವುಗಳ ಹಿಂದೆಯೇ ತೆವಳುತ್ತಿದ್ದೆ. ಗಾಡಿ ದಾರಿಯಲ್ಲಿ ಒಮ್ಮೆ ನಿಂತರೂ ಸಾಕು, "ನೋಡಿದ್ಯಾ" ಎನ್ನಲು ಮನೆತುಂಬ ಜನ ಕಾದಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಅಮಾವಾಸ್ಯೆ. ಅಂದು ನಮ್ಮಲ್ಲಿ ನೇಗಿಲು ಹೂಡುವುದಿಲ್ಲ. ಟ್ರ್ಯಾಕ್ಟರು, ಇಂಜಿನ್ನು ಎಲ್ಲವನ್ನೂ ತೊಳೆದು, ಭಂಡಾರ ಹಚ್ಚಿ, ಕಾಯಿ ಒಡೆದು, ಕಡೆಗೆ ಅವುಗಳ ಹೊಟ್ಟೆ ತುಂಬಿಸುವುದು ಪದ್ಧತಿ. ಪೂಜೆಯಾದ ಗಾಡಿ ಹಸಿದಿರಬಾರದು. ನಾನು ಒಳಗೆ ಓದುತ್ತಿದ್ದೆ. ಕಾಕಾ ನನ್ನ ಕಾರನ್ನೂ ಸಾಲಿನಲ್ಲಿ ನಿಲ್ಲಿಸಿ ತೊಳೆಯುತ್ತಿರುವುದು ಕಿಟಕಿಯಿಂದ ಕಂಡಿತು. ಅಂತೂ ಸಿಟ್ಟು ಇಳಿಯಿತಲ್ಲ ಎಂದು ಹಿಗ್ಗಿದೆ.

ಬೆಳಿಗ್ಗೆ ಕೀಲಿ ಹಿಡಿದು ಹೊರಬಂದಾಗ ಕಾಕಾ ಕಾರಿನ ಪಕ್ಕದಲ್ಲೇ ನಿಂತಿದ್ದ. "ಟಾಕಿ ಅಂಚಿನ ಮಟಾ ತುಂಬೇನಿ. ಪರೀಕ್ಷಾಕ್ಕ ಹೊಂಟದ್ದು, ಹಸದ ಹೋಗಬಾರದು."

"ಏನ ತುಂಬಿದಿ ಕಾಕಾ?"

"ಬ್ಯಾರೆಲ್‌ನ್ಯಾಗಿಂದು..." ಎಂದವನು ಅಲ್ಲಿಗೇ ನಿಂತ. ಅವನ ಮುಖ ಸುಣ್ಣವಾಯಿತು. ಟ್ರ್ಯಾಕ್ಟರು, ಇಂಜಿನ್ನು, ಕಾರು ಎಂದು ಸಾಲಾಗಿ ಸುರಿಯುತ್ತ ಬಂದ ಕೈಗೆ ಪೆಟ್ರೋಲ್ ಎಂಬುದು ನೆನಪೇ ಆಗಿರಲಿಲ್ಲ.

ಡೀಸೆಲ್ ಬಿದ್ದ ಪೆಟ್ರೋಲ್ ಗಾಡಿಯನ್ನು ಚಾಲೂ ಮಾಡಬಾರದು ಎಂದಷ್ಟೇ ನನಗೆ ಗೊತ್ತಿತ್ತು. ಅಪ್ಪ ಮೋಟಾರ್ ಸೈಕಲ್ ತೆಗೆದುಕೊಂಡು ಮುಧೋಳಕ್ಕೆ ಹೋಗಿದ್ದ. ಹೊತ್ತಿಗೆ ಮುಟ್ಟಿಸುವ ಬಸ್ಸು ಹೋಗಿಯಾಗಿತ್ತು. ನಾನು "ನನ್ನ ಓದ ಮುಗಿಸಿಬಿಟ್ಟಿ ಕಾಕಾ" ಎಂದು ಚೀರಿದೆ. ಕಾಕಾ ಟ್ರೇಲರ್ ಬಿಚ್ಚಿ, ಟ್ರ್ಯಾಕ್ಟರ್ ಚಾಲೂ ಮಾಡಿ, "ಏರ ಬೇ" ಎಂದ.

ಮಡ್‌ಗಾರ್ಡ್ ಮೇಲೆ ಕೂತು, ಪ್ರಾಕ್ಟಿಕಲ್ ಜರ್ನಲ್ಲನ್ನು ಎದೆಗವಚಿಕೊಂಡು ಹೊರಟೆ. ರಬಕವಿಯ ಮಗ್ಗಗಳ ಸದ್ದು ಬಂತು, ಹೋಯಿತು. ಎದುರು ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಅದರ ಕಡೆ ಗಮನವೇ ಇಲ್ಲ, ಲ್ಯಾಬಿನ ಬಾಗಿಲು ಹಾಕಿಬಿಟ್ಟರೆ ಎಂಬುದೊಂದೇ ಚಿಂತೆ. ಬನಹಟ್ಟಿ ದಾಟಿದ ಮೇಲೆ ಕಾಕಾ, "ಡೀಸೆಲ್ ಗಾಡಿ ಆಗಿದ್ರ..." ಎಂದು ಶುರುಮಾಡಿ, ನನ್ನ ಕಣ್ಣು ನೋಡಿ ಟ್ರ್ಯಾಕ್ಟರಿನ ವೇಗ ಹೆಚ್ಚಿಸಿದ.

ಲ್ಯಾಬಿನ ಬಾಗಿಲಲ್ಲಿ ಹಾಜರಿ ಕರೆಯುವುದು ಇನ್ನೂ ಮುಗಿದಿರಲಿಲ್ಲ. ಒಳಗೆ ಓಡಿದೆ. ಅವಸರದಲ್ಲಿ ಮೊದಲ ಸಲದ ದ್ರಾವಣ ಹಾಳಾಯಿತು. ಎರಡನೇ ಸಲ, ಬಣ್ಣ ತಿರುಗುವವರೆಗೆ ಹನಿ ಹನಿಯಾಗಿ ಬಿಡುತ್ತಿದ್ದಾಗ ಕಿಟಕಿಯಾಚೆ ತಲೆಗೆ ಸುತ್ತಿದ ಒಂದು ಪಟಗ ಕಂಡಿತು. ಕಾಕಾ ಸರಳು ಹಿಡಿದು ನಿಂತಿದ್ದ. ಕಾಲೇಜಿನ ಸಿಪಾಯಿ ಬಂದು ಗದರಿದಾಗ ಸರಿದ, ಅವರು ಅತ್ತ ಹೋದೊಡನೆ ಮತ್ತೆ ಬಂದ. ಅದುವರೆಗೆ ಅವನು ನಮ್ಮ ಕಾಲೇಜಿನ ಕಡೆ ಕಾಲಿಟ್ಟವನಲ್ಲ.

ವಾಪಸು ಬರುವಾಗ ಇದ್ದಕ್ಕಿದ್ದಂತೆ ಕೇಳಿದ, "ಆ ನೀರ ಒಮ್ಮಿಗೇ ಗುಲಾಬಿ ಆತಲ್ಲ, ನೀನ ಮಾಡಿದ್ದೇನ?"

"ಹೂಂ."

"ಬಾಜೂದ ಹುಡುಗಂದು ಆಗಲಿಲ್ಲ ನೋಡ" ಎಂದ.

ಸಂಜೆ ಅಪ್ಪ ಬಂದು, ಅಂಗಳದಲ್ಲಿ ನಿಂತೇ ಇದ್ದ ಕಾರನ್ನು ನೋಡಿ, ಎಲ್ಲ ಕೇಳಿಕೊಂಡ. ನನ್ನ ಥಿಯರಿ ಪರೀಕ್ಷೆಗಳು ಇನ್ನೂ ಬಾಕಿ ಇದ್ದವು. "ರಿಪೇರಿ ಆಗೂತನಕ ಆಕಿ ಮನ್ಯಾಗ ಇರಲಿ. ಹಿಂಗ ಟ್ರ್ಯಾಕ್ಟರ್ ಮ್ಯಾಲ ಹೆಣ್ಣ ಹುಡುಗಿನ ಕಳಸೂದು ಛಲೋ ಅಲ್ಲ" ಎಂದ ಅಪ್ಪ.

ಅಣ್ಣನಿಗೆ ಎಂದೂ ಎದುರಾಡದ ಕಾಕಾ ಕೂತಲ್ಲಿಂದ ಎದ್ದ. "ಗಾಡಿ ಇರಲಿ, ಇಲ್ಲದ ಹೋಗಲಿ, ಆಕಿ ಹೋಗಾಕಿನ. ನಾ ಒಯ್ತೇನಿ. ನೀ ನೋಡಿಲ್ಲೋ ಅಣ್ಣಾ, ನಾ ನೋಡೇನಿ."

ಅಪ್ಪ "ಆತು" ಎಂದು ಕೈಕಾಲು ತೊಳೆಯಲು ಹೋದ. ನಾನು ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವ್ವ ಗಾಬರಿಯಿಂದ, "ಯಾಕ, ಪರೀಕ್ಷಾ ಕೆಟ್ಟತೇನ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ.