ಮಜ್ಜಿಗೆ ಕೇಳುವ ದೆವ್ವ

ಬಿತ್ತನೆ ಶೇಂಗಾವನ್ನು ಮಿಷನ್ನಿಗೆ ಹಾಕುವಂತಿಲ್ಲ, ಕಾಳು ಒಡೆಯುತ್ತದೆ. ಅದಕ್ಕೆ ತಂಬ್ರಹಳ್ಳಿಯ ನಮ್ಮ ಓಣಿಯ ಹೆಂಗಸರು ಮುಂಗಾರಿಗೆ ಮೊದಲು ಒಬ್ಬೊಬ್ಬರ ಮನೆಯಲ್ಲಿ ಸೇರಿ ಕೈಯಲ್ಲೇ ಸುಲಿಯುತ್ತೇವೆ. ಸುಲಿಯುವಾಗ ಒಬ್ಬಳು ಕಥೆ ಹೇಳಬೇಕು. ಹೇಳುವವಳು ಸುಲಿಯಬೇಕಿಲ್ಲ, ಅವಳ ಮೊರಕ್ಕೆ ಉಳಿದವರೇ ಒಂದೊಂದು ಹಿಡಿ ಕಾಳು ಹಾಕುತ್ತಾರೆ. ಕಥೆ ಚೆನ್ನಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಟಪಟ ಸುಲಿಯುವ ಸದ್ದು ನಿಂತರೆ ಕಥೆ ಗೆದ್ದಿತು ಅಂತ ಲೆಕ್ಕ.

ನನ್ನ ಅಕ್ಕ ಬಾಯಿ ತೆರೆದರೆ ಸದ್ದು ನಿಲ್ಲುತ್ತಿತ್ತು.

ಅಕ್ಕ ಒಡಹುಟ್ಟಿದವಳು, ಮೇಲಿಂದ ನೆಗೆಣ್ಣಿಯೂ ಹೌದು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ನಮ್ಮಿಬ್ಬರನ್ನೂ ಕೊಟ್ಟರು. ತವರಿನಲ್ಲೂ ಅವಳೇ ದೊಡ್ಡವಳು, ಇಲ್ಲೂ ಅವಳೇ ಹಿರಿಸೊಸೆ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಅವಳ ದೆವ್ವದ ಸಿನಿಮಾ ಒಂದೇ.

ನಾವು ಚಿಕ್ಕವರಿದ್ದಾಗ ಆ ಸಿನಿಮಾ ಕೊಟ್ಟೂರಿನ ಟೆಂಟಿಗೆ ಬಂದಿತ್ತು. ನನಗೆ ಮೈತುಂಬ ಗುಳ್ಳೆ ಗುಳ್ಳೆಯಾಗಿ ಅಮ್ಮ ಎದ್ದಿದ್ದಳು. ಬೇವಿನ ಸೊಪ್ಪು ಹಾಸಿ ಒಳಕೋಣೆಯಲ್ಲಿ ಮಲಗಿಸಿದ್ದರು, ಅಂಟೀತೆಂದು ಅಕ್ಕನನ್ನು ಆ ಕೋಣೆಯ ಹೊಸಿಲು ದಾಟಿ ಒಳಗೆ ಬರಲು ಬಿಡುತ್ತಿರಲಿಲ್ಲ. ಸೋದರಮಾವ ಬಂದವನು ಅವಳೊಬ್ಬಳನ್ನೇ ಸಿನಿಮಾಕ್ಕೆ ಕರೆದುಕೊಂಡು ಹೋದ. ಮರುದಿನ ಬಾಗಿಲ ಹೊರಗೆ ಕೂತು ನನಗೆ ಕಥೆ ಹೇಳಿದಳು. ಅಂದಿನಿಂದ ಇಂದಿನವರೆಗೆ ಹೇಳುತ್ತಲೇ ಇದ್ದಾಳೆ.

ಆ ಕಥೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾಗಿಲು ಒಂದಿಷ್ಟೇ ತೆರೆಯುತ್ತದೆ. ಮುಖ ಕಾಣುವುದಿಲ್ಲ. ಬಟ್ಟಲು ಹಿಡಿದ ಕೈಯೊಂದು ಸಂದಿಯಿಂದ ಬರುತ್ತದೆ. ‘ಒಂದೀಟು ಮಜ್ಜಿಗಿ ಕೊಡ್ರಿ’ ಅನ್ನುತ್ತದೆ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹಾಲು ಮಜ್ಜಿಗೆ ಯಾರಿಗೂ ಕೊಡುವುದಿಲ್ಲ, ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ. ಬಾಯಾರಿ ಬಂದವರಿಗೆ ಇಲ್ಲ ಅನ್ನುವ ಹಾಗೂ ಇಲ್ಲ. ಅಕ್ಕ ಇಲ್ಲಿ ಸುಮ್ಮನಾಗಿಬಿಡುತ್ತಿದ್ದಳು. ಅಷ್ಟೂ ಹೆಂಗಸರ ಕೈ ನಿಲ್ಲುತ್ತಿದ್ದವು. ಹೊಟ್ಟೆ ಉರಿಯುತ್ತಿದ್ದರೂ ನನ್ನವೂ ನಿಲ್ಲುತ್ತಿದ್ದವು, ಅದೇ ದೊಡ್ಡ ಅವಮಾನ.

ಈ ವರ್ಷ ಅದೇ ಸಿನಿಮಾದ ಎರಡನೇ ಭಾಗ ಹಗರಿಬೊಮ್ಮನಹಳ್ಳಿಗೆ ಬಂತು. ನಮ್ಮ ಎಮ್ಮೆ ಈದಿತ್ತು, ಅಕ್ಕ ಮನೆ ಬಿಟ್ಟು ಕದಲುವ ಹಾಗಿರಲಿಲ್ಲ. ಎಮ್ಮೆಗೆ ಒಳಗೊಳಗೇ ಕೈ ಮುಗಿದು ಗಂಡನ ಬೈಕು ಹತ್ತಿದೆ. ಮೊದಲು ನೋಡುವವಳು ನಾನು, ಮೊದಲು ಹೇಳುವವಳೂ ನಾನು.

ಎಂಥ ದರಿದ್ರ ಸಿನಿಮಾ ಅದು! ಶುರುವಿನಲ್ಲೇ ದೆವ್ವದ ಮುಖ ತೋರಿಸಿಬಿಟ್ಟರು, ಹಲ್ಲು ಕೂದಲು ಸಮೇತ. ಅದು ಹದ್ದಿನ ಹಾಗೆ ಹಾರಿತು, ಕಾರು ಎತ್ತಿ ಒಗೆಯಿತು. ಯಾಕೆ ದೆವ್ವವಾಯಿತು ಅನ್ನುವುದಕ್ಕೆ ಹಾಡು ಬೇರೆ. ಕೊನೆಗೆ ಪೊಲೀಸರ ಜೊತೆ ಸೇರಿ ಕಳ್ಳರನ್ನು ಹಿಡಿಯಿತು. ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ. ನನಗೆ ಅಳುವೇ ಬಂತು, ಇದನ್ನು ತೆಗೆದುಕೊಂಡು ಹೋಗಿ ಅಕ್ಕನನ್ನು ಗೆಲ್ಲುವುದು ಹೇಗೆ?

ನಡುವೆ ಹಳೆಯ ಸಿನಿಮಾದ ತುಣುಕು ತೋರಿಸಿದರು. ಬಿಳಿ ಸೀರೆಯವಳೊಬ್ಬಳು ಮೇಣದಬತ್ತಿ ಹಿಡಿದು ನಗುತ್ತ ಹೋದಳು. ಬಟ್ಟಲೂ ಇಲ್ಲ, ಬಾಗಿಲ ಸಂದಿಯೂ ಇಲ್ಲ. ಅನುಮಾನ ಬಂದು, ಮನೆಗೆ ಬಂದವಳೇ ಹಳೆಯದನ್ನು ಫೋನಿನಲ್ಲಿ ಪೂರ್ತಿ ನೋಡಿದೆ. ಮಜ್ಜಿಗೆ ಎಲ್ಲೂ ಇರಲಿಲ್ಲ. ನನಗೆ ಸ್ವರ್ಗ ಮೂರೇ ಗೇಣು.

ಮುಂದಿನ ಸುಲಿತ ನಮ್ಮ ಪಡಸಾಲೆಯಲ್ಲೇ ಇತ್ತು. ನಾನು ಹೇಳತೊಡಗಿದೆ. ದೆವ್ವ ಹಾರಿತು ಅಂದೆ, ಪಟಪಟ. ಕಾರು ಒಗೆಯಿತು ಅಂದೆ, ಪಟಪಟ. ಓಣಿಯ ಹಿರಿಯತ್ತೆಯೊಬ್ಬಳು ತಲೆ ಎತ್ತದೇ, “ಅದರ ಕಷ್ಟಸುಖ ಇಷ್ಟು ಹೇಳಿದ ಮ್ಯಾಲ ಅಂಜಿಕಿ ಎಲ್ಲಿಂದ ಬರಬೇಕವ್ವಾ? ಪಾಪ ಅನಸ್ತೈತಿ” ಅಂದಳು. ಎಲ್ಲರೂ ನಕ್ಕರು. ನನಗೆ ರೇಗಿಹೋಯಿತು.

“ಇದನ್ನೂ ಕೇಳ್ರಿ ಹಂಗಾರ. ಹಳೇ ಸಿನಿಮಾದಾಗ ಮಜ್ಜಿಗಿ ಕೇಳೋ ದೆವ್ವನ ಇಲ್ಲ. ಪೂರ್ತಿ ನೋಡೀನಿ. ನಮ್ಮಕ್ಕ ಇಷ್ಟು ವರ್ಷ ನಿಮಗೆಲ್ಲ ಸುಳ್ಳು ಹೇಳ್ಯಾಳ.”

“ಫೋನಿನಾಗ ಅದನ್ನ ಕತ್ತರಿಸಿ ತೆಗೆದಿರಬೇಕು ಬಿಡು” ಅಂದಳು ಹಿರಿಯತ್ತೆ. ಸದ್ದು ನಡೆದೇ ಇತ್ತು. ಸಿನಿಮಾಕ್ಕಿಂತ ಅಕ್ಕನ ಮಾತನ್ನೇ ನಂಬುವವರಿಗೆ ಏನು ಹೇಳುವುದು!

ಅಕ್ಕ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

“ಆಕಿ ಹೇಳೋದು ಖರೇ. ಟೆಂಟಿನಾಗ ಮಾವನ ತೊಡಿ ಮ್ಯಾಲ ಮುಖ ಮುಚ್ಚಿಕೊಂಡು ಮಲಗಿಬಿಟ್ಟಿದ್ನಿ, ಏನೂ ನೋಡಲಿಲ್ಲ” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಮನಿಗೆ ಬಂದ್ರ ನೀನು ಕಥಿ ಹೇಳು ಅಂತ ಹಟ ಹಿಡಿದಿ. ಜ್ವರದಾಗ ನಿನಗ ನೆನಪಿರಲಿಕ್ಕಿಲ್ಲ, ದಿನಾ ದೀಪ ಹಚ್ಚೋ ಹೊತ್ತಿಗೆ ಬಾಗಲ ಸಂದಿಯಾಗಿಂದ ನಿನ್ನ ಕೈ ಬರತಿತ್ತಲೇ, ಬಟ್ಲ ಹಿಡಕೊಂಡು. ಮೈ ಉರೀತೈತಿ ಯಕ್ಕಾ, ಒಂದೀಟು ಮಜ್ಜಿಗಿ ಕೊಡು ಅಂತಿದ್ದಿ. ಕೈ ತುಂಬ ಗುಳ್ಳಿ. ನಾಳಿ ಆ ಕೈ ಬರತೈತೋ ಇಲ್ಲೋ ಅಂತ ನನಗ ಅಂಜಿಕಿ. ಆಗ ನನಗ ಗೊತ್ತಿದ್ದದ್ದು ಅದೊಂದ ಅಂಜಿಕಿ. ಅದನ್ನ ಹೇಳಿದ್ನಿ.”

ಸದ್ದು ನಿಂತಿತ್ತು.

ಮತ್ತೆ ಅವಳೇ ಗೆದ್ದಳು. ಸುಳ್ಳು ಸಿಕ್ಕಿಬಿದ್ದ ಮೇಲೂ ಗೆದ್ದಳು. ನನ್ನ ಹೊಟ್ಟೆಯುರಿ ತಣ್ಣಗಾಯಿತು ಅಂತ ಹೇಳಲಾರೆ. ಆ ಕೈ ನನ್ನದು, ಆ ಉರಿ ನನ್ನದು, ಕಥೆ ಮಾತ್ರ ಅವಳದಾಗಿತ್ತು. ಆದರೂ ಪದ್ಧತಿ ಪದ್ಧತಿಯೇ. ನನ್ನ ಮೊರದಿಂದ ಒಂದು ಹಿಡಿ ಕಾಳು ತೆಗೆದು ಅವಳ ಮೊರಕ್ಕೆ ಹಾಕಲು ಕೈ ಚಾಚಿದೆ.

ಅಕ್ಕ ಕಾಳು ನೋಡಲಿಲ್ಲ, ಕೈ ನೋಡಿದಳು.