ಸರಸ ನೀರಿಗಿಟ್ಟ ಮೂರು ಉರುಳೆ

ಸರಸಳ ತಾತ ರಾಮದಾಸ ಕೋಲಾರದ ಕಡೆಯವನು. ಎಣ್ಣೂರಿನಲ್ಲಿ ರೈಲು ಸೇತುವೆ ಕಟ್ಟುವಾಗ ಬಾವಿಯಂಥ ತಳಪಾಯಕ್ಕಿಳಿದು, ಕತ್ತಿನ ಮಟ್ಟದ ಕೆಸರಲ್ಲಿ ನಿಂತು ಬುಟ್ಟಿ ಎತ್ತಿಕೊಟ್ಟ ಆಳು. ಅವನ ಮಗ ಚಂದು ನುಂಗಂಬಾಕ್ಕಂನ ಎತ್ತರದ ಕಟ್ಟಡಗಳ ಕಂಬಗಳಿಗೆ ಗೋಣಿ ಸುತ್ತಿ, ಹಗಲಿಗೆ ಆರು ಸಲ ನೀರುಣಿಸಿದವನು. ಹೆಂಡತಿ ಹೆತ್ತಳೆಂದು ಸುದ್ದಿ ಬಂದಾಗಲೂ ಕಂಬಗಳ ಬಾಯಾರಿಕೆ ತೀರಿಸಿಯೇ ಮಗುವಿನ ಮುಖ ನೋಡಲು ಹೋದನಂತೆ. ಆ ಮಗುವೇ ಸರಸ.

ಎರಡು ಸಾವಿರದ ಒಂದರಲ್ಲಿ ಅವಳು ಗಿಂಡಿಯ ಒಂದು ಪರೀಕ್ಷಾಲಯದಲ್ಲಿ ಸಹಾಯಕಿಯಾಗಿದ್ದಳು. ಕರಾರಿನ ಕೆಲಸ; ಸಾಹೇಬರು ಬೇಡವೆಂದರೆ ಆ ದಿನವೇ ಮನೆಗೆ. ಸೇತುವೆಗೆಂದು ಕಲಸಿದ ಬಲವಾದ ಕಾಂಕ್ರೀಟನ್ನು ಮೊಣಕೈ ಉದ್ದದ ಉರುಳೆಗಳಾಗಿ ಎರಕ ಹೊಯ್ದು, ಒಣಗಿಸಿ, ಯಂತ್ರಕ್ಕೆ ಕೊಡುತ್ತಿದ್ದರು. ಯಂತ್ರ ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಮೊದಲಿನ ಉರುಳೆಗಳು ಇಪ್ಪತ್ತು ಲಕ್ಷ ಒತ್ತು ತಿಂದೂ ಅಲುಗಲಿಲ್ಲ. ಕೊನೆಗೆ ಯಂತ್ರಕ್ಕೆ ಕೊಟ್ಟ ಮೂರು ಮಾತ್ರ ಎರಡು ಲಕ್ಷ ಮುಟ್ಟುವ ಮೊದಲೇ ಬಿರಿದವು.

"ಕಲಸಿದ್ದೇ ಸರಿಯಿಲ್ಲ," ಎಂದರು ದೊಡ್ಡ ಸಾಹೇಬರು. ಎರಕ ಹೊಯ್ದವನು ಬಾಬು. ಸೋಮವಾರದಿಂದ ಬರಬೇಡ ಎಂದಾಯಿತು.

ಬಾಬು ಕರಣೆ ತೊಳೆಯುತ್ತಾ ಕೂತಿದ್ದ. "ಅಕ್ಕಾ, ಒಂದೇ ಕಲಸು ಅದು. ಅರ್ಧ ಗಟ್ಟಿ, ಅರ್ಧ ಪೊಳ್ಳು ಹೆಂಗಾಯ್ತದೆ? ನಾನೇನು ಮಂತ್ರವಾದಿಯಾ?"

ಸರಸ ಬುತ್ತಿ ಮುಚ್ಚಿಟ್ಟಳು. ಸಂಶೋಧನೆ ನಡೆಸುತ್ತಿದ್ದ ಮಂಗಳೂರಿನ ನೀರಜಾ ಊರಿಗೆ ಹೋಗಿದ್ದ ಮೂರು ವಾರ ಆ ಮೂರು ಉರುಳೆಗಳು ಇದ್ದದ್ದು ನೀರಿನ ತೊಟ್ಟಿಯಲ್ಲಿ. ಮೇ ತಿಂಗಳ ಕತ್ತರಿ ಬಿಸಿಲಿಗೆ ಒಣಗಿ ಕಂಗೆಟ್ಟಿವೆಯೆಂದು ಸರಸಳೇ ಇಳಿಸಿದ್ದಳು. ನೀರಜಾ ಬರುವ ಬೆಳಿಗ್ಗೆ ಒರೆಸಿ, ಫ್ಯಾನಿನಡಿ ಆರಿಸಿ, ಹಲಗೆಯ ಮೇಲಿಟ್ಟಿದ್ದಳು. ಒಳ್ಳೆಯದನ್ನೇ ಮಾಡಿದ್ದೇನೆಂದು ಒಳಗೊಳಗೇ ಹಿಗ್ಗಿದ್ದಳು ಕೂಡ.

ಹೋಗಿ ನೀರಜಾಳಿಗೆ ಎಲ್ಲ ಹೇಳಿದಳು. ಅವಳು ತಲೆಯ ಮೇಲೆ ಕೈಹೊತ್ತಳು.

"ಎಂತ ಸರಸಕ್ಕ ಇದು! ಒಣಗಿದ್ದೇ ಬೇಕು ಅಂತ ಬರೆದು ಅಂಟಿಸಿದ್ದೆನಲ್ಲ?"

"ಇಂಗ್ಲೀಷಲ್ಲಿ ಅಂಟ್ಸಿದ್ರೆ ನಾನೇನ್ ಓದ್ಲಿ ನೀರಜಮ್ಮ? ನೀರ್ ಕುಡುದ್ರೆ ಗಟ್ಟಿ ಆಯ್ತದೆ ಅಂತ ನಮ್ಮಪ್ಪ ಸಾಯೋಗಂಟ ಹೇಳ್ದ."

"ಎರೆದ ಹೊಸತರಲ್ಲಿ ಅದು ಸರಿ. ಆದರೆ ಇಲ್ಲಿ..." ನೀರಜಾ ಹಲಗೆಯ ಕಡೆ ತಿರುಗಿದಳು. "ಅದೇ ಎರಕದ್ದು ಇನ್ನೆರಡು ಉಂಟಲ್ಲ?"

ಬಾಬುವನ್ನು ಕಳಿಸದೆ ಒಂದು ತಿಂಗಳು ತಡೆದು ನೋಡಿ ಎಂದು ನೀರಜಾ ಸಾಹೇಬರನ್ನು ಒಪ್ಪಿಸಿದಳು. ಒಂದು ಉರುಳೆ ತೊಟ್ಟಿಗೆ ಹೋಯಿತು, ಇನ್ನೊಂದು ಹಲಗೆಯ ಮೇಲೇ ಉಳಿಯಿತು. ಮೂರು ವಾರ ಕಳೆದು ಯಂತ್ರಕ್ಕೆ ಕೊಟ್ಟರು. ನೆನೆದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಬಿರಿಯಿತು. ಒಣಗಿದ್ದು ನಾಲ್ಕು ದಿನ ಕಳೆದರೂ ನಿಂತೇ ಇತ್ತು.

ಬಿರಿದ ಚೂರನ್ನು ನೀರಜಾ ಸರಸಳ ಅಂಗೈಗಿಟ್ಟಳು. ಒಳಗೆ ಇನ್ನೂ ತಣ್ಣಗಿತ್ತು. "ಹೀಗೆ ಗಟ್ಟಿ ಕಾಂಕ್ರೀಟಿನಲ್ಲಿ ಸೇರಿದ ನೀರಿಗೆ ಬೇಗ ಹೊರಗೆ ಹೋಗಲು ದಾರಿ ಇಲ್ಲ, ಸರಸಕ್ಕ. ಒತ್ತಿದಾಗೆಲ್ಲ ಅದು ಕೂದಲೆಳೆಯಂಥ ಬಿರುಕಿನೊಳಗೆ ಬೆಣೆಯ ಹಾಗೆ ನುಗ್ಗುತ್ತದೆ. ಹೀಗಿರಬೇಕು ಅಂತ ನಮ್ಮ ಊಹೆ."

ಸರಸ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಪ್ಪನಿಗೆ ಇದು ತಿಳಿಯದೇ ಹೋಯಿತಲ್ಲ ಎಂದು ಕಣ್ಣು ತುಂಬಿತು.

ಬಾಬುವಿನ ಕೆಲಸ ಉಳಿಯಿತು. ಆದರೆ ತೊಟ್ಟಿಗಿಳಿಸಿದವರು ಯಾರೆಂದು ಸಾಹೇಬರು ಕೇಳಿ ಕಳಿಸಿದರು. ನೀರಜಾ ಸರಸಳ ಕೈ ಹಿಡಿದಳು.

"ನಾನೇ ಹೇಳಿದ್ದು ಅಂತೇನೆ. ನನಗೆ ಬೈದು ಬಿಡ್ತಾರೆ. ನಿಮ್ಮನ್ನಾದ್ರೆ ಮನೆಗೇ ಕಳಿಸ್ತಾರೆ."

ಸರಸ ಕೈ ಬಿಡಿಸಿಕೊಂಡು ಸೆರಗು ಸರಿಪಡಿಸಿದಳು.

"ಬ್ಯಾಡ ನೀರಜಮ್ಮ. ಬಾಬುಗೆ ನಾನ್ ತಂದ ಕಷ್ಟ, ನಿಮ್ ತಲೆ ಮ್ಯಾಲೆ ಇಡಕ್ಕಿಲ್ಲ. ಸಾಹೇಬ್ರ ತಾವ ನಾನೇ ಓಗ್ತೀನಿ. ನೀವ್ ಜತೇಲಿ ಬರ್ಬ್ಯಾಡಿ."