ಪಟ್ಟದ ಗೊಂಬೆಯ ಖಾದಿ ಪಂಚೆ

ಮಳವಳ್ಳಿಗೆ ಬಂದ ನಾಲ್ಕನೆಯ ದಿನ, ನಾನು ಇನ್ನೂ ಮಾತಾಡುತ್ತಿರುವಾಗಲೇ ಮನೆಯೊಡತಿ ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದಳು. ಮಳೆ ಇರಲಿಲ್ಲ, ಧೂಳೂ ಇರಲಿಲ್ಲ. ಹಾಡುಹಗಲೇ ಕೋಣೆ ಕತ್ತಲಾಯಿತು. ನಾನು ಆಡಿದ್ದಾದರೂ ಏನು? ನಮ್ಮ ಧಾರವಾಡದ ಕಡೆ ಈಗ ಕಾಂಗ್ರೆಸ್ಸಿನವರೇ ಮಂತ್ರಿಗಳು, ನಿಮ್ಮಲ್ಲಿ ಅವರ ಬಾವುಟ ಹಿಡಿದವರನ್ನು ಪೊಲೀಸರು ಯಾಕೆ ಎಳೆದುಕೊಂಡು ಹೋಗುತ್ತಾರೆ, ಮಹಾರಾಜರು ಬಹಳ ಒಳ್ಳೆಯವರಂತೆ, ಅವರಿಗೆ ಯಾರೂ ಹೇಳಿಲ್ಲವೇ ಎಂದೆ. ಅಷ್ಟೇ. ನಮ್ಮ ಮನೆಯಲ್ಲಾದರೆ ಊಟದ ಎಲೆಗೆ ಉಪ್ಪಿನಕಾಯಿ ಬಿದ್ದ ಹಾಗೆ ಬೀಳುವ ಮಾತು ಇದು.

ಮನೆಯೊಡತಿ ಪುಟ್ಟತಾಯಮ್ಮ ನನ್ನ ಪಕ್ಕಕ್ಕೆ ಬಂದು ಕೂತು, "ಮೆತ್ತಗೆ ಮಾತಾಡು ಕಣಮ್ಮ. ಗ್ವಾಡೆಗೂ ಕಿವಿ ಇರ್ತವೆ. ನಿನ್ ಗಂಡ ಸರ್ಕಾರದ ಅನ್ನ ಉಣ್ಣೋನು" ಎಂದಳು.

ಸರ್ಕಾರದ ಅನ್ನ ಇನ್ನೂ ಪೂರ್ತಿ ನಮ್ಮ ಎಲೆಗೆ ಬಿದ್ದಿರಲಿಲ್ಲ, ಭಯವೆಲ್ಲ ಅದರದ್ದೇ. ನಮ್ಮವರು ಇದೇ ಮೈಸೂರು ಸೀಮೆಯವರು, ಇಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಕೆಲಸ ಸಿಕ್ಕಿದ್ದು ಹಂಗಾಮಿಯಾಗಿ. ದಸರೆ ಕಳೆದ ಮೇಲೆ ಖಾಯಂ ಹುಕುಂ ಬರಬೇಕಿತ್ತು. ಅದಕ್ಕೆ ಮುಂಚೆ ಧಾರವಾಡದಲ್ಲೇ ನೌಕರಿಯಲ್ಲಿದ್ದ ಭಾವನವರ ಮನೆಯಲ್ಲಿ ಮೂರು ವರ್ಷ ಹಂಗಿನ ಅನ್ನ ಉಂಡಿದ್ದೆವು. ಎರಡನೆಯ ಸಲ ಬಡಿಸುವ ಮುಂಚೆ ಓರಗಿತ್ತಿ ಸೌಟನ್ನು ಒಂದು ಕ್ಷಣ ಗಾಳಿಯಲ್ಲೇ ನಿಲ್ಲಿಸುತ್ತಿದ್ದಳು. ಆ ಸೌಟು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಹುಕುಂ ಬಾರದಿದ್ದರೆ ಮತ್ತೆ ಅದೇ ಮನೆ.

ಈ ಪತ್ರಿಕೆ ಓದುವ ನಮ್ಮ ಕಡೆಯ ಅಕ್ಕತಂಗಿಯರಿಗೆ ಈ ಊರನ್ನು ಹೇಗೆ ಹೇಳಲಿ? ಕನ್ನಡವೇ, ಆದರೆ ನನಗೆ ಮೊದಲ ತಿಂಗಳು ಅರ್ಧ ತಿಳಿಯಲಿಲ್ಲ. ನಾವು ಬೆಕ್ಕಿಗೂ 'ರೀ' ಹಚ್ಚುವ ಜನ. ಇಲ್ಲಿ ನಿನ್ನೆ ಕಂಡವಳಿಗೂ 'ಬಾರಮ್ಮಿ, ಕೂತ್ಕೊ' ಎನ್ನುತ್ತಾರೆ. ಬೈದರೆಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಈ ಒರಟೇ ಇವರ ಅಕ್ಕರೆ. 'ಬಿಡು' ಅನ್ನುವುದನ್ನು 'ಬುಡು' ಅನ್ನುತ್ತಾರೆ. ಸಿಟ್ಟಿಗೂ ಅದೇ, ಸಮಾಧಾನಕ್ಕೂ ಅದೇ. ಜೋಳದ ರೊಟ್ಟಿ ಕೇಳಿದರೆ ಹಲ್ಲು ನೋವಿಗೆ ಮದ್ದೇನೋ ಎಂಬಂತೆ ನೋಡುತ್ತಾರೆ. ರಾಗಿ ಮುದ್ದೆಯನ್ನು ನಾನು ಅಗಿದೆನೆಂದು ಪುಟ್ಟತಾಯಮ್ಮ ಕೇರಿಗೆಲ್ಲ ಹೇಳಿ ನಕ್ಕಳು. ಅದನ್ನು ನುಂಗಬೇಕಂತೆ. ಈಗ ನುಂಗುತ್ತೇನೆ, ಚೆನ್ನಾಗಿಯೇ ನುಂಗುತ್ತೇನೆ. ಇದೊಂದು ನನ್ನ ಗೆಲುವು ಎಂದು ಬರೆದುಕೊಳ್ಳಿ.

ನಾಟಕದ ವಿಷಯ ಹೇಳಲೇಬೇಕು. ಆಷಾಢದಲ್ಲಿ ಒಂದು ಕಂಪನಿ ಬಂದು ಡೇರೆ ಹಾಕಿತು. ಇಲ್ಲಿಯವರಿಗೆ ನಾಟಕದ ಹುಚ್ಚು ನಮಗಿಂತ ಹೆಚ್ಚು. ಹೆಂಡತಿ ಸಾಯುತ್ತ ಮಲಗಿದ್ದಾಳೆ, ಗಂಡ ಅವಳ ತಲೆಯ ಹತ್ತಿರ ನಿಂತು ಅರ್ಧ ಗಂಟೆ ಹಾಡುತ್ತಾನೆ, ಜನ ಮೂರು ಸಲ 'ಒನ್ಸ್ ಮೋರ್' ಕೂಗುತ್ತಾರೆ, ಅವಳೂ ಪಾಪ ಕಾಯುತ್ತಾಳೆ. ಕಂಠ ಎಷ್ಟು ಚಂದ, ಬುದ್ಧಿ ಎಷ್ಟು ಕಡಿಮೆ ಎನ್ನಿಸಿತು ನನಗೆ. ಆದರೆ ಹೇಳಲು ಹೊರಟದ್ದು ಅದಲ್ಲ. ಪರದೆ ಏಳುವ ಮುಂಚೆ ಮಹಾರಾಜರ ಸ್ತುತಿ ಹಾಡಿದರು. ಡೇರೆಯೆಲ್ಲ ಎದ್ದು ನಿಂತಿತು. ನಾನು ಕೂತೇ ಇದ್ದೆ. ಗರ್ವದಿಂದಲ್ಲ. ನಮ್ಮ ಕಡೆ ಬ್ರಿಟಿಷರ ದೊರೆಯ ಹಾಡು ಬಂದಾಗ ಏಳಬಾರದೆಂದು ನನ್ನ ತಮ್ಮ ಕಲಿಸಿದ್ದ, ದೊರೆಯ ಹಾಡೆಂದರೆ ಮೈ ತಾನಾಗಿ ಕೂತುಬಿಟ್ಟಿತು. ಗಂಡಸರ ಕಡೆಯಿಂದ ನಮ್ಮವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಪುಟ್ಟತಾಯಮ್ಮ ರಟ್ಟೆ ಹಿಡಿದು ಎತ್ತಿದಳು. ಯಾರು ಯಾರು ಕಂಡರೋ, ಆಮೇಲೆ ನಾಟಕದಲ್ಲಿ ಯಾರು ಸತ್ತರೋ ಯಾರು ಬದುಕಿದರೋ ನನಗೆ ಗೊತ್ತಾಗಲಿಲ್ಲ.

ಹಬ್ಬಗಳೂ ಹಾಗೇ, ಹೆಸರು ಒಂದೇ, ಒಳಗು ಬೇರೆ. ಪಂಚಮಿ ನಮ್ಮ ಹೆಣ್ಣುಮಕ್ಕಳ ಹಬ್ಬ. ಜೋಕಾಲಿ, ಉಂಡಿ, ಕರೆಯಲು ಬರುವ ಅಣ್ಣತಮ್ಮಂದಿರು. ಇಲ್ಲಿ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬಂದರೆ ಮುಗಿಯಿತು. ನನ್ನ ತಮ್ಮ ಆ ಸಲ ಬರಲಾಗಲಿಲ್ಲ. ಉಂಡಿಯ ಡಬ್ಬಿಯ ಜೊತೆ ಒಂದು ತುಂಡು ಬಟ್ಟೆ ಕಳಿಸಿದ. ಅವನೇ ನೂತ ನೂಲು. ಹಿಂದೆ ಉಪ್ಪಿನ ಗಲಾಟೆಯಲ್ಲಿ ಜೈಲಿಗೆ ಹೋಗಿದ್ದಾಗ ನೂಲುವುದು ಕಲಿತವನು. ದಪ್ಪ ಬಟ್ಟೆ, ಅಲ್ಲಲ್ಲಿ ಗಂಟು. ಮುಖಕ್ಕೆ ಹಿಡಿದುಕೊಂಡರೆ ನಮ್ಮ ಅಟ್ಟದ ವಾಸನೆ ಬರುತ್ತಿತ್ತು. ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟೆ.

ದಸರೆ ಬಂತು. ನಮ್ಮಲ್ಲಿ ದಸರೆಯೆಂದರೆ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ತಬ್ಬಿಕೊಳ್ಳುವುದು. ಇಲ್ಲಿ ಮನೆಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಮೆಟ್ಟಿಲು ಕಟ್ಟಿ ಬಿಳಿಯ ಬಟ್ಟೆ ಹಾಸಿ, ತುದಿಯಲ್ಲಿ ರಾಜ ರಾಣಿಯರ ಮರದ ಗೊಂಬೆ. ಅದನ್ನು ಪಟ್ಟದ ಗೊಂಬೆ ಎನ್ನುತ್ತಾರೆ. ಮದುವೆಯಲ್ಲಿ ಹೆಣ್ಣಿನ ತಾಯಿ ಕೊಡಬೇಕಂತೆ. ನಮ್ಮವ್ವನಿಗೆ ಈ ಪದ್ಧತಿ ಎಲ್ಲಿ ಗೊತ್ತು? ಅತ್ತೆಯವರು ತಮ್ಮ ಜೋಡಿಯನ್ನೇ ಕಳಿಸಿದರು, ಗೊಂಬೆಗಳ ಮೈಮೇಲೆ ಚೂರು ಬಟ್ಟೆಯಿರಲಿಲ್ಲ. ಉಡಿಸುವುದು ಸೊಸೆಯ ಜಾಣತನಕ್ಕೆ ಬಿಟ್ಟದ್ದು.

ರಾಣಿಗೆ ಹಳೆಯ ಕುಪ್ಪಸದ ರೇಷ್ಮೆ ಆಯಿತು. ರಾಜನಿಗೆ ಏನು? ರಾಜನೆಂದ ಮೇಲೆ ಮನೆಯಲ್ಲಿರುವ ಬಟ್ಟೆಯಲ್ಲೆಲ್ಲ ಉತ್ತಮವಾದದ್ದನ್ನು ಉಡಿಸಬೇಕು. ನನ್ನ ಮನೆಯಲ್ಲಿ ಉತ್ತಮವಾದದ್ದು ತಮ್ಮನ ಬಟ್ಟೆ. ದೇವರಾಣೆಗೂ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಪಂಚೆ ಉಡಿಸಿದೆ, ಹೊದೆಯಲು ಒಂದು ಶಲ್ಯ ಮಾಡಿದೆ, ಉಳಿದದ್ದನ್ನು ತಲೆಗೆ ಸುತ್ತಿದೆ. ಬಿಳಿಯ ಬಟ್ಟೆಯಲ್ಲಿ ಆ ಕೆಂಪು ಮರದ ಮುಖ ಎಷ್ಟು ಕಳೆಯಾಗಿ ಕಂಡಿತೆಂದರೆ ನಾನೇ ದೃಷ್ಟಿ ತೆಗೆದೆ.

ಖಾದಿ ಉಡುವುದು ಈ ಸೀಮೆಯಲ್ಲಿ ತಪ್ಪಲ್ಲ, ಅಂಗಡಿಯಲ್ಲೂ ಮಾರುತ್ತಾರೆ. ಆದರೆ ಅದು ಮದ್ದೂರಿನ ಕಡೆ ಬಾವುಟದ ಗಲಾಟೆಯಾದ ವರ್ಷ. ಮಂಡ್ಯದಿಂದ ಬಸ್ಸಿಳಿದವರು ಸುದ್ದಿಯನ್ನು ಬಾಯಲ್ಲಿ ಹೇಳದೆ ಕಣ್ಣಲ್ಲಿ ಹೇಳುತ್ತಿದ್ದರು. ಅಂಥ ವರ್ಷದಲ್ಲಿ ಸರ್ಕಾರಿ ಮೇಷ್ಟ್ರ ಮನೆಯಲ್ಲಿ ರಾಜನಿಗೆ ಖಾದಿ! ಮೊದಲ ದಿನ ಬಂದ ಹೆಂಗಸರು ಆರತಿ ಎತ್ತಿ, ಹಾಡು ಹೇಳಿ, ಅರಿಸಿನ ಕುಂಕುಮ ತೆಗೆದುಕೊಂಡು ಹೋದರು. ಎರಡನೆಯ ದಿನ ಬಂದವರು ಹಾಡು ಹೇಳಲಿಲ್ಲ, ರಾಜನ ಗೊಂಬೆಯನ್ನು ಮಾತ್ರ ನೋಡಿದರು. ಮೂರನೆಯ ದಿನ ಪರಿಚಯವೇ ಇಲ್ಲದವರು ಬಂದರು. ನಾಲ್ಕನೆಯ ದಿನ ಯಾರೂ ಬರಲಿಲ್ಲ.

ಪುಟ್ಟತಾಯಮ್ಮನೇ ಹೇಳಿದಳು, ಮೇಷ್ಟ್ರ ಹೆಂಡತಿ ಮಹಾರಾಜರಿಗೆ ಕಾಂಗ್ರೆಸ್ ಟೋಪಿ ಹಾಕಿದ್ದಾಳೆಂದು ಪೇಟೆಯಲ್ಲೆಲ್ಲ ಮಾತು ಎಂದು. ಟೋಪಿಯಲ್ಲ, ರುಮಾಲು ಎಂದೆ. ಯಾರಿಗೆ ಹೇಳುವುದು? ಸಂಜೆ ನಮ್ಮವರು ಬಂದು ರುಮಾಲು ತೆಗೆಯದೆ ಜಗಲಿಯ ಮೇಲೆ ಕೂತರು. ಹೆಡ್ಮಾಸ್ಟರು ಕರೆದು ಒಂದೇ ಮಾತು ಅಂದರಂತೆ: "ನಿಮ್ಮ ಮನೆಯಲ್ಲಿ ಗೊಂಬೆ ಬಹಳ ಚೆನ್ನಾಗಿದೆಯಂತಲ್ಲ." ನಕ್ಕರೇ ಎಂದು ಕೇಳಿದೆ. ಗೊತ್ತಾಗಲಿಲ್ಲ ಎಂದರು. ಅವರು ನನ್ನನ್ನು ಬೈಯಲಿಲ್ಲ, ಊಟವನ್ನೂ ಮಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಂದಿನಿಂದ ಬೀದಿಯಲ್ಲಿ ಬೂಟಿನ ಸದ್ದಾದರೆ ಕೈಯ ಕೆಲಸ ಬಿಟ್ಟು ಗೋಡೆಗೆ ಅಂಟಿ ನಿಲ್ಲುತ್ತಿದ್ದೆ. ಬಾಗಿಲು ತಟ್ಟಿದರೆ ತೆರೆಯುವ ಮುಂಚೆ ದೇವರಿಗೆ ಹರಕೆ. ತಟ್ಟಿದವಳು ಮೊಸರಿನವಳಾಗಿರುತ್ತಿದ್ದಳು. ಬಟ್ಟೆ ಬದಲಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಬದಲಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ, ಬಿಟ್ಟರೆ ಹಟ ಮಾಡಿದ ಹಾಗೆ. ಎರಡಕ್ಕೂ ಹೆದರಿ ಎರಡು ದಿನ ಹಾಗೇ ಬಿಟ್ಟೆ.

ಏಳನೆಯ ದಿನ ಬೆಳಿಗ್ಗೆ ಅಮಲ್ದಾರರ ಮನೆಯಿಂದ ಆಳು ಬಂದ. ಮಧ್ಯಾಹ್ನ ಅಮ್ಮಾವರು ಗೊಂಬೆ ನೋಡಲು ಬರುತ್ತಾರಂತೆ. ತಾಲ್ಲೂಕಿಗೇ ದೊಡ್ಡ ಅಧಿಕಾರಿಯ ಹೆಂಡತಿ, ಹಂಗಾಮಿ ಮೇಷ್ಟ್ರ ಮನೆಗೆ ಯಾಕೆ ಬರಬೇಕು? ಪರೀಕ್ಷೆಗೇ ಬರುತ್ತಿದ್ದಾರೆ ಎಂದುಕೊಂಡೆ. ಪುಟ್ಟತಾಯಮ್ಮ ಕೈ ಚಾಚಿ, "ಆ ಬಟ್ಟೆಯ ಇತ್ತ ಕೊಡಮ್ಮಿ. ನಮ್ ರಾಗಿ ಗುಡಾಣದಾಗೆ ಆಕಿ ಮಡಿಕ್ಕತೀನಿ. ಅಲ್ಲಿ ಯಾರ್ ಉಡುಕ್ತಾರೆ?" ಎಂದಳು.

ನಾನು ಕೊಡಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಸುದ್ದಿ ಹಬ್ಬಿಸಿದವಳು ಇವಳೇ ಇರಬೇಕೆಂದು ಆಗಲೇ ನನ್ನ ಹುಳುಕು ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಮುದ್ದೆಯ ಸುದ್ದಿಯನ್ನು ಕೇರಿಗೆ ಹಂಚಿದವಳಲ್ಲವೇ? ಆಮೇಲೆ ತಿಳಿಯಿತು, ಬಾವಿಕಟ್ಟೆಯಲ್ಲಿ ನಿಂತು ಹತ್ತು ಜನರ ಮುಂದೆ, ಟೋಪಿಯೂ ಇಲ್ಲ ಏನೂ ಇಲ್ಲ, ಬರೀ ಬಿಳೀ ಪಂಚೆ ಎಂದು ನನ್ನ ಪರವಾಗಿ ಜಗಳವಾಡಿದವಳು ಅವಳೊಬ್ಬಳೇ. ಅವಳು ಹೋದ ಮೇಲೆ ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಬಟ್ಟೆ ಹಾಕಿದೆ. ಮೊದಲು ಶಲ್ಯ, ಆಮೇಲೆ ರುಮಾಲು, ಕೊನೆಗೆ ಪಂಚೆ. ಹತ್ತಿ ಸುಟ್ಟ ವಾಸನೆ ಬೀದಿಗೆ ಹೋದೀತೆಂದು ಅದಕ್ಕೂ ಹೆದರಿ, ಮೇಲೆ ಹಸಿ ತೆಂಗಿನ ಗರಿ ಹಾಕಿದೆ. ಹೊಗೆಗೆ ಕಣ್ಣಲ್ಲಿ ನೀರು ಬಂತು. ಹೊಗೆಗೆ ಮಾತ್ರ ಅಲ್ಲ. ಆಮೇಲೆ ನನ್ನ ಇಳಕಲ್ಲ ಸೀರೆಯ ಸೆರಗು ಕತ್ತರಿಸಿ ರಾಜನಿಗೆ ಉಡಿಸಿದೆ.

ಅಮಲ್ದಾರರ ಹೆಂಡತಿ ಬಂದರು. ನಾನು ನೆನೆಸಿದ್ದಕ್ಕಿಂತ ಚಿಕ್ಕವರು, ನನ್ನದೇ ವಯಸ್ಸು ಇರಬಹುದು. ಮೆಟ್ಟಿಲ ಮುಂದೆ ಬಹಳ ಹೊತ್ತು ನಿಂತರು. ಒಂದು ದೇವರನಾಮ ಹೇಳಿದರು. ತಾಂಬೂಲ ಕೊಡುವಾಗ ಕುಂಕುಮ ಚೆಲ್ಲಿದೆ. ಅವರು ಅದನ್ನು ಕಂಡೂ ಕಾಣದಂತೆ ಇದ್ದರು. ಹೊಸ್ತಿಲ ಹತ್ತಿರ ನಿಂತು, ಆಳು ದೂರದಲ್ಲಿದ್ದಾನೆಂದು ನೋಡಿಕೊಂಡು ಮೆಲ್ಲಗೆ ಹೇಳಿದರು: "ನನ್ನ ತಮ್ಮ ಆ ಬಟ್ಟೆ ಉಟ್ಟು ಬಾವುಟ ಹಿಡಿದು ಹೋದ. ಎರಡು ತಿಂಗಳಾಯ್ತು, ನಮ್ಮ ಹೊಸ್ತಿಲು ತುಳೀಬಾರದು ಅಂತ ಇವರು ಅಂದುಬಿಟ್ಟಿದ್ದಾರೆ. ನಿಮ್ಮನೇಲಿ ಆ ಬಟ್ಟೆ ಇದೆ ಅಂದ್ರು. ಒಂದ್ಸಲ ಮುಟ್ಟಿ ನೋಡೋಣ ಅಂತ ಬಂದೆ."

ನಿಜ ಹೇಳುತ್ತಿದ್ದಾರೋ, ಬಾಯಿ ಬಿಡಿಸುತ್ತಿದ್ದಾರೋ? ಕಣ್ಣು ನೋಡಿದರೆ ನಿಜ ಅನ್ನಿಸಿತು. ದೂರದಲ್ಲಿ ನಿಂತ ಆಳಿನ ಎದೆಯ ಮೇಲಿನ ಸರ್ಕಾರಿ ಪಟ್ಟಿ, ಆ ಡವಾಲಿ ನೋಡಿದರೆ ಹುಕುಂ ನೆನಪಾಯಿತು, ಓರಗಿತ್ತಿಯ ಸೌಟು ನೆನಪಾಯಿತು.

"ಅಂಥದ್ದೇನೂ ನಮ್ಮ ಮನೆಯಲ್ಲಿ ಇರಲೇ ಇಲ್ಲ" ಎಂದೆ.

ಅವರು ತಲೆಯಾಡಿಸಿ ಹೋದರು. ಅವರು ಬಂದದ್ದು ಯಾಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಈಗಲೂ ಗುಡಿಯಲ್ಲಿ ಸಿಕ್ಕರೆ ನಾನು ಮುಖ ತಗ್ಗಿಸುತ್ತೇನೆ.

ಹುಕುಂ ಬಂತು. ನಮ್ಮವರು ಕಾಗದವನ್ನು ದೇವರ ಮುಂದಿಟ್ಟು ಅಡ್ಡಬಿದ್ದರು. ಮೂರು ವರ್ಷದ ಮೇಲೆ ಅಂದು ಅವರು ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ನಾನು ಸೌಟು ಎಲ್ಲೂ ನಿಲ್ಲಿಸದೆ ಬಡಿಸಿದೆ. ಅದು ಸುಖವಲ್ಲ ಎಂದು ಹೇಗೆ ಹೇಳಲಿ?

ದೀಪಾವಳಿಯ ಅಕ್ಕನ ಬಿದಿಗೆಗೆ ತಮ್ಮ ಬಂದೇ ಬಂದ. ಬೆಳ್ಳಗಿನ ಟೋಪಿ ಇಟ್ಟುಕೊಂಡು, ಬಸ್ಸಿನಿಂದ ಇಳಿದು ಪೇಟೆಯ ನಡುವೆ ನಡೆದುಕೊಂಡೇ ಬಂದ. ಮಣೆ ಹಾಕಿ ಕೂರಿಸಿ, ಎಣ್ಣೆ ಹಚ್ಚಿ, ಆರತಿ ಎತ್ತಿದೆ. ಎಲೆಯ ಮುಂದೆ ಕೂತು ಅವನು ದೊಡ್ಡ ದನಿಯಲ್ಲಿ ಶುರು ಮಾಡಿದ: ಮುಂಬಯಿಯ ಮಂತ್ರಿಗಳು, ಮೈಸೂರಿನ ದಿವಾನರು, ಯಾರು ಸರಿ, ಯಾರು ತಪ್ಪು. ನಮ್ಮ ಮನೆಯ ಅದೇ ದನಿ, ಅದೇ ಉಪ್ಪಿನಕಾಯಿಯ ಮಾತು. ಅದನ್ನು ಕೇಳಲು ಎಷ್ಟು ಹಂಬಲಿಸಿದ್ದೆ.

ನಾನು ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದೆ.

"ಯಾಕ ಅಕ್ಕಾ, ಗಾಳಿ ಚಲೋ ಬರ್ತಿತ್ತಲ್ಲ?" ಎಂದ.

"ಮೆತ್ತಗೆ ಮಾತಾಡು ಕಣಪ್ಪ" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವನು ಕೈಯ ತುತ್ತು ಹಾಗೇ ಹಿಡಿದು ನನ್ನನ್ನು ನೋಡಿದ. ನೀ ಇಲ್ಲಿಯವಳೇ ಆಗಿಬಿಟ್ಟೆ ಎಂದು ನಕ್ಕ. ಆಮೇಲೆ, "ನಾ ಕಳಿಸಿದ ಅರಿವಿ ಏನ್ ಮಾಡಿದಿ?" ಎಂದು ಕೇಳಿದ.

ಬಟ್ಟೆ ಪೆಟ್ಟಿಗೆಯಲ್ಲಿದೆ ಎಂದೆ.

ಈ ಬರಹದಲ್ಲಿ ಮಳವಳ್ಳಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಮೂರನೆಯ ಸಲ ಬಿಟ್ಟೆ. ನನ್ನ ಹೆಸರು ಹಾಕಬಾರದೆಂದು ಸಂಪಾದಕರಿಗೆ ಬೇರೆ ಚೀಟಿ ಬರೆದಿದ್ದೇನೆ. ನನ್ನ ತಮ್ಮ ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಾನೆ. ಓದಲಿ. ಎದುರಿಗೆ ಕೂರಿಸಿಕೊಂಡು ಹೇಳುವ ಧೈರ್ಯ ನನಗೆ ಈ ಊರಿನಲ್ಲೂ ಇಲ್ಲ, ಆ ಊರಿನಲ್ಲೂ ಇಲ್ಲ.